ಲೇಅಪ್ ಮಾಡಿದವನು ಪುಕ್ಕಲನೇ?

ಮೂಡಿಗೆರೆಯ ಓದುಗರೊಬ್ಬರ ಪತ್ರ: "2007ರ ಮಾಸ್ಟರ್ಸ್ ಗಾಲ್ಫ್ ಟೂರ್ನಿಯನ್ನು ಲೇಅಪ್ ಮಾಡಿಯೇ (ದೂರದ ಗುರಿಗೆ ಹೊಡೆಯದೆ, ಚೆಂಡನ್ನು ಹಿಂದೆಯೇ ಸುರಕ್ಷಿತವಾಗಿ ನಿಲ್ಲಿಸಿ) ಗೆದ್ದ ಝ್ಯಾಕ್ ಜಾನ್ಸನ್‌ನನ್ನು ಕಳೆದ ಸಂಚಿಕೆಯಲ್ಲಿ ಜಾಣ ಅಂತ ಹೊಗಳಿದ್ದೀರಿ. ನನಗೆ ಅದು ಪುಕ್ಕಲುತನ. ನಾನು ಮೆಣಸು ಕೊಯ್ದ ಕೂಡಲೇ ಮಾರುವವನಲ್ಲ, ರೇಟಿಗೆ ಕಾಯುತ್ತೇನೆ. ಅಷ್ಟು ದೊಡ್ಡ ಆಟಗಾರನಿಗೆ ಅಷ್ಟೂ ಎದೆಗಾರಿಕೆ ಬೇಡವೇ?"

ಸ್ವಾಮಿ, ಒಣಗಿಸಿದ ಮೆಣಸು ಮೂಟೆಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಅದಕ್ಕೇ ನೀವು ಕಾಯುತ್ತೀರಿ. ಕಣದಲ್ಲಿ ಕಾಫಿ ಹರವಿದ್ದಾಗ ಮೋಡ ಕಂಡರೆ? ಆಗ ಟಾರ್ಪಾಲು ಎಳೆಯುವವರಲ್ಲಿ ನೀವೇ ಮೊದಲು, ಅಲ್ವಾ?

ಜಾನ್ಸನ್ ಮಾಡಿದ್ದೂ ಅದನ್ನೇ. ಮಾಸ್ಟರ್ಸ್ ನಡೆಯುವ ಆಗಸ್ಟಾದಲ್ಲಿ ಪಾರ್ 5 ಹೋಲ್ (ಐದು ಹೊಡೆತಕ್ಕೆ ಮುಗಿಸಬೇಕಾದ ಹೋಲ್; ಆ ಲೆಕ್ಕವೇ ಪಾರ್) ನಾಲ್ಕು. ನಾಲ್ಕು ದಿನಕ್ಕೆ ಹದಿನಾರು ಸಲ. ಒಂದು ಸಲವೂ ಅವನು ಎರಡೇ ಹೊಡೆತಕ್ಕೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟಲು ಹೋಗಲಿಲ್ಲ. ಹಿಂದೆಯೇ ನಿಲ್ಲಿಸಿ, ಮೂರನೆಯದನ್ನು ಹತ್ತಿರದ ಹೊಡೆತಕ್ಕೆ ಬಳಸುವ ಕೋಲಾದ ವೆಜ್‌ನಲ್ಲಿ ಎತ್ತಿ ಹಾಕಿದ. ದೂರ ಹೊಡೆಯುವ ಆಳಲ್ಲ, ಆದರೆ ವೆಜ್‌ನಲ್ಲಿ ಪಳಗಿದ ಕೈ. ಆ ಹದಿನಾರರಲ್ಲೇ 11 ಅಂಡರ್, ಅಂದರೆ ಪಾರ್‌ಗಿಂತ 11 ಹೊಡೆತ ಕಡಿಮೆ (ಗಾಲ್ಫ್‌ನಲ್ಲಿ ಕಡಿಮೆ ಹೊಡೆದವನೇ ಗೆಲ್ಲುವುದು). ಒಟ್ಟು 289, ಅಂದರೆ 1 ಓವರ್. ಉಳಿದ ಹೋಲ್‌ಗಳಲ್ಲಿ ಅವನೂ 12 ಕಳೆದುಕೊಂಡಿದ್ದ! ಆದರೂ ಟೈಗರ್ ವುಡ್ಸ್ ಎರಡು ಹೊಡೆತ ಹಿಂದೆ ಉಳಿದ.

ಇನ್ನು ನಿಮಗೆ ಇಷ್ಟವಾಗುವಂಥ ಗಂಡೆದೆ. 1999, ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್. ಕೊನೆಯ ಹೋಲ್‌ನಲ್ಲಿ ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಮೂರು ಹೊಡೆತ ಮುಂದಿದ್ದ. ಆರು ಹೊಡೆದರೂ ಕಪ್ ಅವನದೇ. ಮೊದಲ ಹೊಡೆತಕ್ಕೆ ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಬೀಸಿದ್ದಕ್ಕೆ ಜನ ಈಗಲೂ ಬೈಯುತ್ತಾರೆ. ನನ್ನ ಪ್ರಕಾರ ತಪ್ಪು ಅಲ್ಲಿಲ್ಲ, ಎರಡನೆಯದರಲ್ಲಿ. ಸುಮ್ನೆ ಪಕ್ಕಕ್ಕೆ ತಳ್ಳಿದ್ದರೆ ಸಾಕಿತ್ತು. ದೂರ ಹೊಡೆಯುವ 2 ಐರನ್ ಕೋಲು ಎತ್ತಿಕೊಂಡ. ಚೆಂಡು ಗ್ಯಾಲರಿಗೆ ಬಡಿದು, ಹಳ್ಳದ ಕಲ್ಲುಗೋಡೆಗೆ ಸಿಡಿದು ಎತ್ತರದ ಹುಲ್ಲಿಗೆ ಬಿತ್ತು. ಮೂರನೆಯದು ಹಳ್ಳಕ್ಕೆ. ಶೂ ಕಳಚಿ, ಪ್ಯಾಂಟ್ ಮಡಚಿ, ನೀರಲ್ಲಿ ನಿಂತು ಚೆಂಡನ್ನೇ ನೋಡುತ್ತಿದ್ದ. ಕೊನೆಗೆ ಏಳು ಹೊಡೆತ, ಸಮಬಲ. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದ.

(ನಾನೂ ಹೋದ ಭಾನುವಾರ ನಮ್ಮ ಚಿಕ್ಕಮಗಳೂರಿನ ಕೋರ್ಸ್‌ನಲ್ಲಿ ಮರಗಳ ಸಂದಿಯಿಂದ ಹೊಡೆದೆ. ಚೆಂಡು ಬೊಡ್ಡೆಗೆ ಬಡಿದು ನನ್ನ ಹಿಂದೆಯೇ ಬಂದು ಬಿತ್ತು. ಕೋಲು ಹೊರುವ ಕ್ಯಾಡಿ ಏನೂ ಅನ್ನಲಿಲ್ಲ. ಜೇಬಿಂದ ಇನ್ನೊಂದು ಚೆಂಡು ತೆಗೆದು ಕೈಲಿಟ್ಟ.)

ಹಾಗಂತ ಅಮೆರಿಕದ ಆಟಗಾರ ಫಿಲ್ ಮಿಕಲ್ಸನ್‌ನನ್ನು ಮರೆಯಬೇಡಿ ಎನ್ನುತ್ತೀರಿ. 2010ರ ಮಾಸ್ಟರ್ಸ್, ಹದಿಮೂರನೇ ಹೋಲ್, ಎರಡು ಪೈನ್ ಮರಗಳ ನಡುವಿಂದ ನೀರು ದಾಟಿಸಿ ಹೊಡೆದೇಬಿಟ್ಟ. ಅದ್ಭುತ, ಒಪ್ಪಿದೆ. ಆದರೆ ಮುಂದಿನ ಪುಟ್ಟ ಈಗಲ್ ಪಟ್ (ಗ್ರೀನ್ ಮೇಲೆ ಕುಳಿಗೆ ಉರುಳಿಸುವ ಹೊಡೆತ; ಬಿದ್ದಿದ್ದರೆ ಪಾರ್‌ಗಿಂತ ಎರಡು ಕಡಿಮೆ) ತಪ್ಪಿತು, ಸಿಕ್ಕಿದ್ದು ಬರ್ಡಿ, ಪಾರ್‌ಗಿಂತ ಒಂದೇ ಕಡಿಮೆ. ಲೇಅಪ್ ಮಾಡಿದ್ದರೂ ಸಿಗಬಹುದಾಗಿದ್ದದ್ದು ಅದೇ.

ಒಂದು ಕಡೆ ಮಾತ್ರ ನಿಮ್ಮ ಮಾತು ನಿಜ. ಪುಕ್ಕಲುತನ ಇದೆ, ಆದರೆ ಗ್ರೀನ್ ಮೇಲೆ. ಅಮೆರಿಕದ ಇಬ್ಬರು ಸಂಶೋಧಕರು 25 ಲಕ್ಷದಷ್ಟು ಪಟ್‌ಗಳನ್ನು ಲೆಕ್ಕ ಹಾಕಿ 2011ರಲ್ಲಿ ಬರೆದರು: ಅಷ್ಟೇ ದೂರದಿಂದ ಹೊಡೆದರೂ, ಬರ್ಡಿಗಿಂತ ಪಾರ್ ಉಳಿಸುವ ಪಟ್ ಜಾಸ್ತಿ ಒಳಗೆ ಬೀಳುತ್ತದೆ. ಕಳೆದುಕೊಳ್ಳುವ ಭಯಕ್ಕೆ ಕೈ ಗಟ್ಟಿಯಾಗುತ್ತದೆ, ಲಾಭದ ಹೊತ್ತಿಗೆ ಸಡಿಲ. ಮುಂದಿನ ಸಲ ಟಿವಿಯಲ್ಲಿ ಬರ್ಡಿ ಪಟ್ ಕುಳಿ ಮುಟ್ಟದೆ ನಿಂತರೆ ಜೋರಾಗಿ ಬೈಯಿರಿ, ನಾನೂ ದನಿಗೂಡಿಸುತ್ತೇನೆ.

– ಸಂ.