ಪ್ರತಿಕ್ರಿಯೆ: ಕಾದಂಬರಿಯೊಳಗ ಸರಕಾರ ಇತಿಹಾಸ ಅಳಿಸೋದು

ಸರಕಾರ ಧಾರವಾಡದ ಒಂದು ರೈತ ಹೋರಾಟಾನ ದಾಖಲೆಯಿಂದ ಅಳಿಸೋ ಕಥಿ, ಆದ್ರ ಓದಿದವರು ನಂಬವಲ್ರು ಅಂದೀರಿ. ಪುಸ್ತಕ ಸುಡೋ ದೃಶ್ಯ ಮೊದಲು ತಗೀರಿ. ಬೆಂಕಿ ಎಲ್ಲಾರ ಕಣ್ಣಿಗೂ ಬೀಳತದ. ಜಾಣ ಸರಕಾರ ತಿದ್ದುಪಡಿ ಕಳಸತದ. 1953ರಾಗ ಸ್ಟಾಲಿನ್ನನ ಗುಪ್ತ ಪೊಲೀಸರ ಮುಖ್ಯಸ್ಥ ಆಗಿದ್ದ ಬೆರಿಯಾನ ಪತನ ಆದಮ್ಯಾಲೆ ಸೋವಿಯತ್ ವಿಶ್ವಕೋಶದ ಚಂದಾದಾರರಿಗೆ ಹೊಸ ಹಾಳಿ ಬಂದುವು: ಅವನ ಪುಟ ಕತ್ತರಿಸಿ, ಬೇರಿಂಗ್ ಸಮುದ್ರದ ವಿವರ ಇರೋ ಇವನ್ನ ಹಚ್ಚರಿ ಅಂತ. ಕತ್ತರಿ ಓದುಗನ ಕೈಯಾಗ ಇತ್ತು ನೋಡ್ರಿ!

ದಾಖಲೆ ತಿದ್ದೋ ಗುಮಾಸ್ತನ ಕೆಲಸ ಒಂದೊಂದಾಗಿ ತೋರಸ್ರಿ. ಹಳೇ ಪತ್ರಿಕೆಯಿಂದ ಸುದ್ದಿ ತಗದ್ರ ಜಾಗಾ ಖಾಲಿ ಉಳೀತದ, ಅಷ್ಟ ಉದ್ದದ ಬ್ಯಾರೆ ಸುದ್ದಿ ಹುಟ್ಟಿಸಬೇಕು. ಆಮ್ಯಾಲೆ ಮರುದಿನದ ಸಂಚಿಕೆ, ವಾಚಕರ ಪತ್ರ, ಪುಸ್ತಕದ ಪದಸೂಚಿ. ಸಿಕ್ಕೊಳ್ಳೋದು ಇಲ್ಲೇ: ಪದಸೂಚಿಯೊಳಗ ಹೆಸರು ಉಳಿದಿರತದ, ಪುಟದಾಗ ಇರೂದಿಲ್ಲ. ಹೊಲದ ಉತಾರ, ಕೋರ್ಟಿನ ಕಾಗದ ಬ್ಯಾರೆ ಬ್ಯಾರೆ ಕಚೇರಿಯಾಗ ಇರತಾವ. ಎಲ್ಲಾ ಒಂದ ಸಲಕ್ಕ ತಿದ್ದೋದು ಆಗದ ಮಾತು.

ಲಕ್ಕುಂಡಿ ಶಾಸನ, ಹಾವೇರಿ ಕಡೆ ವೀರಗಲ್ಲು ಬಂದ್ರ ಉಳಿ ಹಿಡಿಸಬ್ಯಾಡ್ರಿ, ಕೆತ್ತಿದ ಗಾಯ ಕಾಣತದ. ಮುಂದ ತಪ್ಪು ಅರ್ಥದ ಫಲಕ ನಿಲ್ಲಿಸಿದ್ರ ಸಾಕು. ಹಳೇ ಲಿಪಿ ಓದಬಲ್ಲ ನಿವೃತ್ತ ಮಾಸ್ತರ್ ಒಬ್ಬರನ್ನ ಊರಾಗ ಇಡ್ರಿ, ಅಧಿಕಾರಿಗೆ ತೊಡಕು ಅಲ್ಲಿಂದ ಶುರುವಾಗತದ.