ವಕೀಲನಲ್ಲದವನು ಊರ ಜಗಳ ಬಗೆಹರಿಸುವ ಮಧ್ಯಸ್ಥಗಾರ ಆಗಬಹುದಾ? ತರಬೇತಿ ಬೇಕೇ ಬೇಕಾ?

ಆಗಬಹುದು. ನಾನೂ ವಕೀಲನಲ್ಲ, ಸಿಂಧನೂರಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು. 'ಊರಲ್ಲಿ ನಾಲ್ಕು ಜನ ನನ್ನ ಮಾತು ಕೇಳ್ತಾರೆ, ಮತ್ತೆ ತರಬೇತಿ ಯಾಕೆ' ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ಮೊದಲ ದಿನವೇ ಸಿಕ್ಕಿಬಿದ್ದೆ.

ತರಬೇತಿಯಲ್ಲಿ ನಮ್ಮನಮ್ಮಲ್ಲೇ ಪಾತ್ರ ಹಂಚಿ ಜಗಳ ಆಡಿಸುತ್ತಾರೆ. ನಮಗೆ ಬಂದದ್ದು ಕಾಲುವೆ ನೀರಿನ ಜಗಳ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಭತ್ತ ಹಚ್ಚುತ್ತಾರೆ, ಕೊನೆ ಭಾಗದವರು ನೀರಿಗೆ ಕಾಯುತ್ತಾರೆ. ನಮ್ಮ ಕಡೆ ಇದು ಮನೆಮನೆ ಕಥೆ. ಒಬ್ಬರು ಮೇಲಿನ ಹೊಲದ ಗೌಡ ಆದರು, ಇನ್ನೊಬ್ಬರು ಕೆಳಗಿನ ಹೊಲದ ಹನುಮಂತ. ನಾನು ಮಧ್ಯಸ್ಥ. "ಬರ್ರಿ ಗೌಡ್ರ, ಕುಂದರ್ರಿ" ಅಂದೆ. ಆಮೇಲೆ ಆ ಕಡೆ ತಿರುಗಿ, "ಹನುಮಾ, ನೀ ಹೇಳಪಾ."

ಕಲಿಸುವ ಮೇಡಂ ಅಲ್ಲಿಗೇ ನಿಲ್ಲಿಸಿದರು. "ತೀರ್ಪು ಕೊಟ್ಟಾಯ್ತಲ್ಲ ಸರ್" ಅಂದರು. ಹನುಮಂತನ ಪಾತ್ರ ಮಾಡಿದ್ದವರು ನಿವೃತ್ತ ಮೇಷ್ಟ್ರು, ನನಗಿಂತ ಹದಿನೈದು ವರ್ಷ ದೊಡ್ಡವರು. ಹೊರಗೆ ಚಹಾ ಕುಡಿಯುವಾಗ ಅವರಿಗೆ ಸರ್, ಸರ್ ಅಂದಿದ್ದೆ. ಹೆಸರು ಬದಲಾದ ಕೂಡಲೇ ನಾಲಿಗೆ ಏಕವಚನಕ್ಕೆ ಇಳಿದಿತ್ತು. ನನಗೇ ಗೊತ್ತಾಗಿರಲಿಲ್ಲ, ಅದೇ ನಾಚಿಕೆ.

ಉಳಿದದ್ದು ಕಲಿಯೋದು ಅಷ್ಟು ಕಷ್ಟವಲ್ಲ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸುವುದು ಮಾತ್ರ ಹುಷಾರಾಗಿ ಮಾಡಬೇಕು. ಅಲ್ಲಿ ಹೇಳಿದ್ದನ್ನು ಅವರು ಒಪ್ಪದೆ ಇನ್ನೊಬ್ಬರ ಮುಂದೆ ಆಡುವಂತಿಲ್ಲ. ಅಣ್ಣತಮ್ಮಂದಿರ ಬದುವಿನ ಜಗಳದಲ್ಲಿ ನಾನು ಎಡವಿದ್ದೇನೆ. ಮಗಳ ಮದುವೆಗೆ ಸಾಲ ಆಗಿದೆ ಅಂತ ತಮ್ಮ ನನ್ನೊಬ್ಬನಿಗೇ ಹೇಳಿದ್ದ. "ಅವರಿಗೂ ತಾಪತ್ರಯ ಇದೆ, ಮದುವೆ ಸಾಲ ಬೇರೆ" ಅಂತ ಅಣ್ಣನ ಎದುರೇ ಬಾಯಿ ಬಿಟ್ಟೆ. ತಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಬರಲಿಲ್ಲ.

ಕಾನೂನಿನ ವಿಷಯ ಚುಟುಕಾಗಿ ಹೇಳ್ತೀನಿ. ಕೋರ್ಟಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರದವರಿಗೆ 40 ಗಂಟೆ ತರಬೇತಿ ಇರುತ್ತೆ, ಅದು ನಮ್ಮ ದಾರಿ ಅಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೇ ಒಂದು ಅಧ್ಯಾಯವಿದೆ. ಎರಡೂ ಕಡೆಯವರು ಮೊದಲೇ ಒಪ್ಪಬೇಕು, ಮೂವರು ಮಧ್ಯಸ್ಥರು ಕೂರಬೇಕು. ವಕೀಲರೇ ಆಗಬೇಕೆಂದಿಲ್ಲ, ಊರು ಗೌರವಿಸುವವರೂ ಆಗಬಹುದು. ಆದರೆ ಹಾಗೆ ಬರೆದುಕೊಂಡ ಒಪ್ಪಂದ ಕೋರ್ಟಿನ ಡಿಕ್ರಿ ಥರ ಜಾರಿ ಆಗಲ್ಲ. ದುಡ್ಡು, ಜಮೀನು ಇದ್ದರೆ ನಾನು ಲೋಕ ಅದಾಲತ್‌ಗೆ ಕಳಿಸುತ್ತೇನೆ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆ ಇದೆ. ಹೆಂಡತಿಗೆ ಹೊಡೆದದ್ದು, ಬಾಲ್ಯವಿವಾಹ, ಜಾತಿ ದೌರ್ಜನ್ಯ ಇಂಥದ್ದಕ್ಕೆ ಕೈ ಹಾಕಲೇಬೇಡಿ. ಹಿರಿಯರು 'ರಾಜಿ ಮಾಡ್ಸಪಾ' ಅಂತ ಎಷ್ಟೇ ಒತ್ತಾಯ ಮಾಡಲಿ.

ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ. ಪ್ಯಾರಾ ಲೀಗಲ್ ವಾಲಂಟಿಯರ್ (ಜನರಿಗೆ ಕಾನೂನು ನೆರವು ಸಿಗುವಂತೆ ಮಾಡುವ ಸ್ವಯಂಸೇವಕ) ಆಗೋದು ಹೇಗೆ, ಮುಂದಿನ ತರಬೇತಿ ಯಾವಾಗ ಅಂತ ಅಲ್ಲಿ ಕೇಳಿ. ಅಷ್ಟರೊಳಗೆ ಒಂದು ದಿನ ನಿಮ್ಮೂರ ಕಟ್ಟೆ ಪಂಚಾಯ್ತಿಯಲ್ಲಿ ಸುಮ್ನೆ ಕೂತು ನೋಡಿ. ಯಾರಿಗೆ 'ರೀ' ಬೀಳುತ್ತೆ, ಯಾರಿಗೆ 'ಲೇ' ಬೀಳುತ್ತೆ, ಯಾರು ಕೊನೆವರೆಗೂ ನಿಂತೇ ಇರ್ತಾರೆ ಅಂತ ಎಣಿಸಿಕೊಂಡು ಬನ್ನಿ.