ಅಂಗುಳದಲ್ಲಿ ಅಡಗಿದ ಕೋರೆಹಲ್ಲು

ಪ್ರಶ್ನೆ: ಮಗಳಿಗೆ 14 ವರ್ಷ. ಮೇಲ್ದವಡೆಯ ಎಡಗಡೆ ಹಾಲಿನ ಕೋರೆಹಲ್ಲು ಇನ್ನೂ ಬಿದ್ದಿಲ್ಲ. ಅದರ ಜಾಗಕ್ಕೆ ಬರಬೇಕಾದ ಹಲ್ಲು ಅಂಗುಳದ ಕಡೆ ಓರೆಯಾಗಿ ಮಲಗಿರುವುದು ಎಕ್ಸ್‌ರೇಯಲ್ಲಿ ಕಂಡಿದೆ. ಕ್ಲಿಪ್ ಹಾಕಿ ಎಳೆಯೋಣ ಎನ್ನುತ್ತಾರೆ ವೈದ್ಯರು. ನೋವೇ ಇಲ್ಲವಲ್ಲ, ಹಾಗೇ ಬಿಡಬಾರದೇ?

ಉತ್ತರ: ನೋವಿಲ್ಲವೆಂದು ನೆಮ್ಮದಿಯಾಗಿರುವ ಹಾಗಿಲ್ಲ. ಮೂಳೆಯೊಳಗೆ ದಾರಿ ತಪ್ಪಿದ ಕೋರೆಹಲ್ಲು ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸಬಹುದು. ಹಾಗಾಗುತ್ತಿದ್ದರೂ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ಬೇರಿಗೆ ಹಾನಿಯಾಗಿದೆಯೇ ಎಂಬುದು ಮಾಮೂಲಿ ಎಕ್ಸ್‌ರೇಯಲ್ಲಿ ಸ್ಪಷ್ಟವಾಗದಿದ್ದರೆ ಹಲ್ಲು, ಮೂಳೆಗಳನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಈ ಹಲ್ಲು ಸಾಮಾನ್ಯವಾಗಿ 11-12ನೇ ವಯಸ್ಸಿಗೆ ಹುಟ್ಟುತ್ತದೆ. ಹತ್ತರ ಹೊತ್ತಿಗೇ ಒಸಡಿನ ಹೊರಬದಿಯಲ್ಲಿ ಬೆರಳಿಗೆ ಉಬ್ಬು ಸಿಗಬೇಕು. ಸಿಗದಿದ್ದಾಗ, 10ರಿಂದ 13ರೊಳಗೆ ಹಾಲುಹಲ್ಲನ್ನು ಕಿತ್ತರೆ ಎಷ್ಟೋ ಮಕ್ಕಳಲ್ಲಿ ಕೋರೆಹಲ್ಲು ತಾನೇ ದಾರಿಗೆ ಬರುತ್ತದೆ. ನಿಮ್ಮ ಮಗಳ ವಯಸ್ಸಿಗೆ ಅದೊಂದನ್ನೇ ನೆಚ್ಚಿ ಕೂರುವುದು ಬೇಡ. ಅವಳಿಗೆ ತಮ್ಮ ತಂಗಿಯರಿದ್ದರೆ ಅವರನ್ನೂ ಒಮ್ಮೆ ತೋರಿಸಿ, ಇದು ಒಂದೇ ಮನೆಯ ಮಕ್ಕಳಲ್ಲಿ ಕಾಣಿಸಿಕೊಳ್ಳುವುದುಂಟು.

ಎಳೆಯುವುದೆಂದರೆ ಇಕ್ಕಳ ಹಾಕಿ ಎಳೆಯುವುದಲ್ಲ. ಮೊದಲು ಕ್ಲಿಪ್ಪಿನಿಂದ ಹಲ್ಲಿನ ಸಾಲಿನಲ್ಲಿ ಜಾಗ ಮಾಡುತ್ತಾರೆ. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಅಡ್ಡ ಇರುವ ಮೂಳೆಯನ್ನು ತುಸು ತೆಗೆದು, ಹಲ್ಲಿಗೆ ಪುಟ್ಟ ಗುಂಡಿಯೊಂದನ್ನು ಅಂಟಿಸುತ್ತಾರೆ. ಅದರ ಸಣ್ಣ ಸರಪಳಿಯನ್ನು ತಂತಿಗೆ ಕಟ್ಟಿ, ತೀರಾ ಹಗುರವಾಗಿ ಜಗ್ಗುತ್ತಾ ಹೋಗುತ್ತಾರೆ. ಕೋರೆಹಲ್ಲು ಬಾಚಿಹಲ್ಲಿನ ಬೇರಿಗೆ ತಾಗಿಕೊಂಡಿದ್ದರೆ ಅದನ್ನು ನೇರ ಕೆಳಕ್ಕೆ ಎಳೆಯುವುದಿಲ್ಲ, ಮೊದಲು ಆ ಬೇರಿನಿಂದ ದೂರ ಸರಿಸಬೇಕು. ಇಲ್ಲಿ ಅವಸರ ಮಾಡಿದರೆ ಒಳ್ಳೆಯ ಹಲ್ಲೂ ಕೆಡುತ್ತದೆ. ಒಟ್ಟು ಒಂದೂವರೆಯಿಂದ ಎರಡೂವರೆ ವರ್ಷ ಹಿಡಿಯಬಹುದು. ನಡುವೆ ಗುಂಡಿ ಕಿತ್ತುಬಂದರೆ ಮತ್ತೆ ಅಂಟಿಸಬೇಕು, ಅದು ಅಪರೂಪವೇನಲ್ಲ.

ಕೆಲವೊಮ್ಮೆ ಹಲ್ಲು ಮೂಳೆಗೇ ಬೆಸೆದುಕೊಂಡು ಎಷ್ಟು ಜಗ್ಗಿದರೂ ಕದಲುವುದಿಲ್ಲ. ವಯಸ್ಸು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಕಿತ್ತು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲು) ಹಾಕಿಸೋಣವೆಂದರೆ, ದವಡೆಯ ಬೆಳವಣಿಗೆ ಮುಗಿಯುವ ತನಕ ಅದನ್ನು ಹಾಕುವಂತಿಲ್ಲ. ಹಾಗಾಗಿ ಈಗಲೇ ಎಳೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹಾಲುಹಲ್ಲನ್ನು ಯಾವಾಗ ಕೀಳುತ್ತಾರೆ ಎಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ಅದನ್ನು ಕೆಲ ತಿಂಗಳು ಉಳಿಸಿಕೊಳ್ಳಲು ಸಾಧ್ಯವಾದರೆ ಅಷ್ಟು ದಿನ ಮಗಳು ಬಾಯಲ್ಲಿ ಕಿಂಡಿ ಇಟ್ಟುಕೊಂಡು ಶಾಲೆಗೆ ಹೋಗುವುದು ತಪ್ಪುತ್ತದೆ.